ಲ್ಯಾಬ್ ಮೂಲೆಯ ಹಳೇ ಕಂಪ್ಯೂಟರೇ ರೂಟರ್ ಆಗುತ್ತದೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಶಾಲೆಗಳ ಕಂಪ್ಯೂಟರ್ ಲ್ಯಾಬ್ ಬಗ್ಗೆ ಒಂದು ಬರಹ ಬಂದಿತ್ತು. ಒಂದೇ ಇಂಟರ್ನೆಟ್ ಲೈನನ್ನು ಇಡೀ ಲ್ಯಾಬಿಗೆ ಹಂಚಬೇಕಾದರೆ ದುಬಾರಿ ರೂಟರ್ ಬೇಕು, ಅದನ್ನು ಕೂರಿಸಲು ತಜ್ಞರೇ ಬರಬೇಕು, ಶಾಲೆಯವರು ಕೈ ಹಾಕಿದರೆ ಇದ್ದದ್ದೂ ಕೆಡುತ್ತದೆ ಅನ್ನುವುದು ಅದರ ಸಾರ. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಕಳೆದ ಜೂನಿನಲ್ಲಿ ನಾನು ಓದಿದ ಹೈಸ್ಕೂಲಿನಲ್ಲಿ ಇದೇ ಕೆಲಸವನ್ನು ಒಂದು ಹಳೇ ಡೆಸ್ಕ್‌ಟಾಪ್ ಮತ್ತು 350 ರೂಪಾಯಿಯ ಲ್ಯಾನ್ ಕಾರ್ಡಿನಲ್ಲಿ ಮಾಡಿ ಮುಗಿಸಿದ್ದೇವೆ. ಮುಗಿಸಿದ್ದೇವೆ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟೆ. ನಿಜಕ್ಕೂ ನಾಲ್ಕು ಶನಿವಾರ ಹಿಡಿಯಿತು, ಅದರಲ್ಲಿ ಮೂರು ನನ್ನ ದಡ್ಡತನಕ್ಕೇ ಹೋದವು. ಆ ದಡ್ಡತನವನ್ನೂ ಇಲ್ಲಿ ಬರೆಯುತ್ತೇನೆ, ಬೇರೆಯವರ ಶನಿವಾರವಾದರೂ ಉಳಿಯಲಿ.

ನಾನು ಇಂಜಿನಿಯರ್ ಅಲ್ಲ. ತೀರ್ಥಹಳ್ಳಿ ಕಡೆ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಮದುವೆ ಕಾರ್ಡು, ಝೆರಾಕ್ಸು, ಆನ್‌ಲೈನ್ ಅರ್ಜಿ, ಜೊತೆಗೆ ಯಾರದೋ ಕಂಪ್ಯೂಟರ್ ಆನ್ ಆಗುತ್ತಿಲ್ಲ ಅಂದರೆ ಬಿಚ್ಚಿ ನೋಡುವುದು, ಇಷ್ಟೇ ಕಸುಬು. ಲಿನಕ್ಸ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಂ, ಕಲಿತದ್ದೂ ಶೋಕಿಗಲ್ಲ. ಹಳೇ ಯಂತ್ರಗಳಲ್ಲಿ ಬೇರೇನೂ ಓಡುತ್ತಿರಲಿಲ್ಲ, ಅದಕ್ಕೆ.

ಶಾಲೆಯ ಕಥೆ ಹೀಗೆ. ಆಫೀಸಿನಲ್ಲಿ ಫೈಬರ್ ಲೈನ್ ಇದೆ, ಕಂಪನಿಯವರು ಕೊಟ್ಟ ಬಿಳಿ ಡಬ್ಬಿ ಇದೆ. ಲ್ಯಾಬ್ ಪಕ್ಕದ ಕಟ್ಟಡ, ಅಲ್ಲಿ 11 ಕಂಪ್ಯೂಟರ್. ಡಬ್ಬಿಯಿಂದ ಒಂದು ಕೇಬಲ್ ಎಳೆದು ಲ್ಯಾಬಿನ ಸ್ವಿಚ್ಚಿಗೆ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ) ಚುಚ್ಚಿದರೆ ಆಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ, ಮೊದಲು ಹಾಗೇ ಇತ್ತು. ಆದರೆ ಆಗ ಆಫೀಸು, ಲ್ಯಾಬು ಎರಡೂ ಒಂದೇ ಬೀದಿ. ಒಂದು ದಿನ ಯಾವನೋ ಹುಡುಗ ಲ್ಯಾಬಿನಲ್ಲಿ ಕೂತು ಕ್ರಿಕೆಟ್ ಆಟಗಾರರ ಚಿತ್ರವನ್ನು ಆಫೀಸಿನ ಪ್ರಿಂಟರಿಗೆ ಕಳಿಸಿದ, ಒಂದಲ್ಲ, 40 ಪ್ರತಿ. ಹೆಡ್‌ಮಾಸ್ತರು ಅವತ್ತೇ ಕೇಬಲ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಂದು ವರ್ಷ ಲ್ಯಾಬಿಗೆ ನೆಟ್ ಇಲ್ಲ. ಆಮೇಲೆ ಒಬ್ಬರು ಸರಬರಾಜುದಾರರು ಬಂದು ನೋಡಿ 22,000 ರೂಪಾಯಿಯ ಪಟ್ಟಿ ಕೊಟ್ಟು ಹೋದರು. ಶಾಲೆಯ ಖಾತೆಯಲ್ಲಿ ಅದರ ಕಾಲು ಭಾಗವೂ ಇರಲಿಲ್ಲ.

ಬೇಕಾಗಿದ್ದದ್ದು ಏನು? ಲ್ಯಾಬ್ ಬೇರೆ ಬೀದಿ ಆಗಬೇಕು, ಎರಡು ಬೀದಿ ಸೇರುವ ಮೂಲೆಯಲ್ಲಿ ದಾರಿ ಹೇಳುವವನೊಬ್ಬ ನಿಂತಿರಬೇಕು. ಅವನೇ ರೂಟರ್. ಇದಕ್ಕೆ ವಿಶೇಷ ಯಂತ್ರ ಬೇಕು ಅನ್ನುವುದೇ ಮೊದಲ ತಪ್ಪು ತಿಳುವಳಿಕೆ. ಅಂಗಡಿಯಲ್ಲಿ ಸಿಗುವ ರೂಟರ್ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳ ಹೊಟ್ಟೆಯಲ್ಲಿ ಇರುವುದೂ ಲಿನಕ್ಸೇ. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ ಡಬ್ಬಿ ಮಾರುಕಟ್ಟೆಗೆ ಬಂತು. ಅದರೊಳಗೆ ಲಿನಕ್ಸ್ ಇದೆ ಅಂತ ಜನ ಪತ್ತೆ ಹಚ್ಚಿದರು. ಲೈಸೆನ್ಸಿನ ಪ್ರಕಾರ ಕಂಪನಿ ಅದರ ಸೋರ್ಸ್ ಕೋಡ್ ಬಿಡಬೇಕಾಯಿತು. ಅದರಿಂದಲೇ ರೂಟರ್‌ಗಳಿಗೆ ಹಾಕುವ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಉಚಿತ ತಂತ್ರಾಂಶ ಹುಟ್ಟಿತು, ಇವತ್ತಿಗೂ ನಡೆಯುತ್ತಿದೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನ್ ನೋಡಿ. ಹಾಟ್‌ಸ್ಪಾಟ್ ಒತ್ತಿದ ಕ್ಷಣದಿಂದ ಅದೂ ರೂಟರೇ.

ಇನ್ನು ದಾರಿ ಹೇಳುವುದು ಅಂದರೆ ಏನು ಅನ್ನುವುದು ನಮ್ಮ ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಒಂಟಿ ಮನೆಗಳ ಊರು. ಒಬ್ಬರ ಮನೆಗೆ ದಾರಿ ಕೇಳಿ, ಪೂರ್ತಿ ದಾರಿ ಯಾರೂ ಹೇಳುವುದಿಲ್ಲ. 'ಸೀದಾ ಹೋಗಿ, ಹಳ್ಳದ ಹತ್ರ ಒಂದು ಅಂಗಡಿ ಸಿಗ್ತದೆ, ಅಲ್ಲಿ ಕೇಳಿ' ಅನ್ನುತ್ತಾರೆ. ಅಂಗಡಿಯವನು 'ಆ ದರೆ ಹತ್ತಿ ಇಳಿದ ಮೇಲೆ ಕೇಳಿ' ಅನ್ನುತ್ತಾನೆ. ಹಾಗೆ ಹೋಗಿ ಮನೆ ಮುಟ್ಟುತ್ತೇವೆ. ಇಂಟರ್ನೆಟ್ಟಿನಲ್ಲಿ ಪ್ಯಾಕೆಟ್, ಅಂದರೆ ವಿಳಾಸ ಬರೆದ ಮಾಹಿತಿಯ ತುಣುಕು, ಹೋಗುವುದು ಥೇಟ್ ಹೀಗೆ. ಯಾವ ರೂಟರಿಗೂ ಪೂರ್ತಿ ದಾರಿ ಗೊತ್ತಿಲ್ಲ, ಮುಂದೆ ಯಾರನ್ನು ಕೇಳಬೇಕು ಅನ್ನುವುದಷ್ಟೇ ಗೊತ್ತು. ಆ ತಿಳುವಳಿಕೆಯೆಲ್ಲ ಒಂದು ಪಟ್ಟಿಯಲ್ಲಿರುತ್ತದೆ. ಲಿನಕ್ಸಿನಲ್ಲಿ ಟರ್ಮಿನಲ್ (ಆಜ್ಞೆ ಹೊಡೆಯುವ ಕಿಟಕಿ) ತೆಗೆದು 'ಐಪಿ ರೂಟ್' ಅಂತ ಹೊಡೆದರೆ ಆ ಪಟ್ಟಿ ಕಣ್ಣೆದುರು ಬರುತ್ತದೆ. ಮ್ಯಾಕ್‌ನಲ್ಲೋ, ಲಿನಕ್ಸಿನಂಥದೇ ಇನ್ನೊಂದಾದ ಫ್ರೀಬಿಎಸ್‌ಡಿಯಲ್ಲೋ ಆದರೆ 'ನೆಟ್‌ಸ್ಟ್ಯಾಟ್ -ಆರ್‌ಎನ್'. (ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಬದಲಾಯಿಸುವ ಆಜ್ಞೆಗಳ ಮೊದಲಿಗೆ 'ಸುಡೊ' ಸೇರಿಸಬೇಕು, ಅದು ಯಜಮಾನನ ಅಧಿಕಾರ ಕೇಳುವ ಪದ. ಪಟ್ಟಿ ನೋಡುವುದಕ್ಕೆ ಬೇಡ, ಆದರೆ ಕೆಳಗೆ ಬರುವ ಟಿಸಿಪಿಡಂಪ್‌ಗೆ ಬೇಕು.)

ನಮ್ಮ ಶಾಲೆಯಲ್ಲಿ ರೂಟರ್ ಆಗಿ ಕೂರಿಸಿದ ಹಳೇ ಡೆಸ್ಕ್‌ಟಾಪಿನಲ್ಲಿ ಇವತ್ತು ಆ ಪಟ್ಟಿ ಮೂರೇ ಸಾಲು. ಒಂದು, 'ಡಿಫಾಲ್ಟ್ ವಯಾ 192.168.1.1 ಡೆವ್ ಇಎನ್‌ಪಿ2ಎಸ್0'. ಎರಡು, '192.168.1.0/24 ಡೆವ್ ಇಎನ್‌ಪಿ2ಎಸ್0'. ಮೂರು, '192.168.50.0/24 ಡೆವ್ ಇಎನ್‌ಪಿ3ಎಸ್0'. ಸಾಲಿನ ಕೊನೆಯಲ್ಲಿ ಇನ್ನೂ ಕೆಲವು ಪದ ಇರುತ್ತವೆ, ಸದ್ಯಕ್ಕೆ ಬಿಡಿ. ಇಎನ್‌ಪಿ2ಎಸ್0 ಅನ್ನುವುದು ಬೋರ್ಡಿನಲ್ಲೇ ಇದ್ದ ಲ್ಯಾನ್ ಕಿಂಡಿಯ ಹೆಸರು, ಅದರಲ್ಲಿ ಆಫೀಸಿನ ಕೇಬಲ್ ಇದೆ. ಇಎನ್‌ಪಿ3ಎಸ್0 ನಾವು ಹಾಕಿದ ಕಾರ್ಡು, ಅದರಲ್ಲಿ ಲ್ಯಾಬಿನ ಸ್ವಿಚ್ಚು. /24 ಅಂದರೆ ವಿಳಾಸದ 32 ಬಿಟ್‌ಗಳಲ್ಲಿ ಮೊದಲ 24 ಬೀದಿಯ ಹೆಸರು, ಉಳಿದ 8 ಮನೆ ನಂಬರು. ಈಗ ಪಟ್ಟಿ ಓದಿ: 192.168.50 ಬೀದಿಯವರು ಬೇಕಾದರೆ ಈ ಕಿಂಡಿ, 192.168.1 ಬೀದಿಯವರು ಬೇಕಾದರೆ ಆ ಕಿಂಡಿ, ಮಿಕ್ಕವರು ಯಾರೇ ಆಗಲಿ, ಅಮೆರಿಕದವರೇ ಆಗಲಿ, 192.168.1.1ರವರನ್ನು, ಅಂದರೆ ಆಫೀಸಿನ ಬಿಳಿ ಡಬ್ಬಿಯನ್ನು, ಕೇಳಿ. ಇಷ್ಟೇ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದು ಹತ್ತು ನಿಮಿಷದಲ್ಲಿ ಅರ್ಥವಾಯಿತು. ಒಬ್ಬ ಹುಡುಗನಂತೂ 'ಸರ್, ಬಸ್‌ಸ್ಟ್ಯಾಂಡ್ ಬೋರ್ಡು' ಅಂದ.

ಈಗ ನನ್ನ ದಡ್ಡತನಕ್ಕೆ ಬರುತ್ತೇನೆ.

ಮೊದಲ ಶನಿವಾರ. ಲ್ಯಾಬಿನ ಕಂಪ್ಯೂಟರ್‌ಗಳಿಗೆ ಹಿಂದಿನ ಕಾಲದ ವಿಳಾಸಗಳು ಹಾಗೇ ಇದ್ದವು, 192.168.1.11, 12, 13 ಹೀಗೆ. ಅದನ್ನೆಲ್ಲ ಯಾಕೆ ಬದಲಾಯಿಸಬೇಕು ಅಂತ ಸೋಮಾರಿತನ. ಹೊಸ ಕಾರ್ಡಿಗೂ 192.168.1.50 ಅಂತ ಕೊಟ್ಟೆ. ಪಿಂಗ್ ಹೊಡೆದರೆ, ಅಂದರೆ 'ಇದ್ದೀಯಾ?' ಅಂತ ಒಂದು ಯಂತ್ರದಿಂದ ಇನ್ನೊಂದನ್ನು ಕೇಳಿದರೆ, ಉತ್ತರವೇ ಇಲ್ಲ. ಕೇಬಲ್ ಬದಲಾಯಿಸಿದೆ, ಕಾರ್ಡು ತೆಗೆದು ಒರೆಸಿ ಹಾಕಿದೆ, ಸ್ವಿಚ್ಚಿಗೆ ಬೈದೆ. ಸಂಜೆ ನಾಲ್ಕಕ್ಕೆ ಪಟ್ಟಿ ತೆಗೆದು ನೋಡಿದರೆ 192.168.1.0/24 ಅನ್ನುವ ಸಾಲು ಎರಡು ಸಲ ಇದೆ, ಒಂದು ಆಫೀಸಿನ ಕಿಂಡಿಗೆ, ಇನ್ನೊಂದು ಲ್ಯಾಬಿನ ಕಿಂಡಿಗೆ. ಹೊಸಹಳ್ಳಿ ಅಂತ ಹೆಸರಿರುವ ಊರು ನಮ್ಮ ರಾಜ್ಯದಲ್ಲಿ ಎಷ್ಟಿವೆ ಹೇಳಿ. ಬರೀ 'ಹೊಸಹಳ್ಳಿಗೆ ಒಂದು ಟಿಕೆಟ್' ಅಂದರೆ ಕಂಡಕ್ಟರ್ ತನಗೆ ಮೊದಲು ನೆನಪಾದ ಹೊಸಹಳ್ಳಿಗೆ ಕೊಡುತ್ತಾನೆ ಅಲ್ವಾ? ನಮ್ಮ ಯಂತ್ರ ಲ್ಯಾಬಿನಿಂದ ಬಂದ ಪ್ರಶ್ನೆಗೆಲ್ಲ ಆಫೀಸಿನ ಕಡೆ ತಿರುಗಿ ಉತ್ತರ ಕೊಡುತ್ತಿತ್ತು. ಎರಡು ಬೀದಿಗೆ ಒಂದೇ ಹೆಸರು ಇಡಬಾರದು, ಇದೇ ಪಾಠ. ಲ್ಯಾಬನ್ನು 192.168.50ಕ್ಕೆ ಎಬ್ಬಿಸಿದೆ. 'ಐಪಿ ಅಡ್ರ್ ಆಡ್ 192.168.50.1/24 ಡೆವ್ ಇಎನ್‌ಪಿ3ಎಸ್0' ಅಂತ ಒಂದು ಸಾಲು ಹೊಡೆದರೆ ಸಾಕು, ಪಟ್ಟಿಯಲ್ಲಿ ಅದರ ಬೀದಿಯ ಸಾಲು ತಾನೇ ಬಂದು ಕೂರುತ್ತದೆ. ಲ್ಯಾಬಿನ ಯಂತ್ರಗಳಲ್ಲಿ 'ಐಪಿ ರೂಟ್ ಆಡ್ ಡಿಫಾಲ್ಟ್ ವಯಾ 192.168.50.1', ಅಂದರೆ ದಾರಿ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ನಿಂತವನನ್ನು ಕೇಳು ಅಂತ.

ಎರಡನೇ ಶನಿವಾರ. ರೂಟರ್ ಯಂತ್ರದಲ್ಲಿ ಕೂತು ನೋಡಿದರೆ ನೆಟ್ ಚೆನ್ನಾಗಿದೆ. ಲ್ಯಾಬಿನ ಯಂತ್ರದಿಂದ ರೂಟರ್ ಯಂತ್ರಕ್ಕೆ ಪಿಂಗ್ ಹೋಗುತ್ತದೆ, ಅದೂ ಚೆನ್ನಾಗಿದೆ. ಲ್ಯಾಬಿನಿಂದ ಅದನ್ನು ದಾಟಿ ಆಚೆ ಮಾತ್ರ ಏನೂ ಹೋಗುವುದಿಲ್ಲ. ಕಾರಣ ಸಣ್ಣದು. ಲಿನಕ್ಸ್ ಹುಟ್ಟಾ ರೂಟರ್ ಅಲ್ಲ. ತನ್ನ ಹೆಸರಿಗೆ ಬಾರದ ಪ್ಯಾಕೆಟ್ ಸಿಕ್ಕರೆ ಅದು ಎಸೆದುಬಿಡುತ್ತದೆ, ಪಕ್ಕದ ಮನೆಯ ಕಾಗದ ನಮ್ಮ ಮನೆಗೆ ಬಂದರೆ ಕೆಲವರು ಮಾಡುವ ಹಾಗೆ. ಅದನ್ನು ಮುಂದೆ ದಾಟಿಸು ಅಂತ ನಾವೇ ಹೇಳಬೇಕು: 'ಸಿಸ್‌ಸಿಟಿಎಲ್ -ಡಬ್ಲ್ಯು ನೆಟ್.ಐಪಿವಿ4.ಐಪಿ_ಫಾರ್ವರ್ಡ್=1'. ಸೊನ್ನೆ ಇದ್ದದ್ದು ಒಂದಾಗಬೇಕು, ಅಷ್ಟೇ ವ್ಯತ್ಯಾಸ. ಫ್ರೀಬಿಎಸ್‌ಡಿ ಇಟ್ಟುಕೊಂಡವರಾದರೆ ಆರ್‌ಸಿ.ಕಾನ್ಫ್ ಕಡತದಲ್ಲಿ 'ಗೇಟ್‌ವೇ_ಎನೇಬಲ್="ಯೆಸ್"' ಅಂತ ಬರೆದರೆ ಅದೇ ಕೆಲಸ. ಈ ಒಂದು ಅಂಕೆಗೆ ನನ್ನ ಒಂದು ಶನಿವಾರ ಹೋಯಿತು. ಅವತ್ತು ಮಳೆ ಬೇರೆ ಹೊಡೆಯುತ್ತಿತ್ತು. ಹೆಡ್‌ಮಾಸ್ತರು ಎರಡು ಸಲ ಚಹಾ ತರಿಸಿಕೊಟ್ಟು, ಮೂರನೇ ಸಲ ಬರೀ ಇಣುಕಿ ನೋಡಿ ಹೋದರು.

ಮೂರನೇ ಶನಿವಾರದ್ದು ನಿಜವಾಗಿ ಮಜಾ ಇರುವುದು. ಇದನ್ನು ಸ್ವಲ್ಪ ನಿಧಾನ ಹೇಳುತ್ತೇನೆ, ಯಾಕೆಂದರೆ ರೂಟಿಂಗ್ ಮಾಡಲು ಹೋಗಿ ಸೋತವರು ಜಾಸ್ತಿ ಸೋಲುವುದು ಇಲ್ಲೇ.

ಫಾರ್ವರ್ಡ್ ಒಂದಾಗಿದೆ. ಬೀದಿಗಳು ಬೇರೆ ಬೇರೆ. ಆದರೂ ಲ್ಯಾಬಿನ 192.168.50.11ರಿಂದ ಆಫೀಸಿನ ಡಬ್ಬಿಗೆ, ಅಂದರೆ 192.168.1.1ಕ್ಕೆ, ಪಿಂಗ್ ಹೊಡೆದರೆ ಮೌನ. ಇಲ್ಲಿ ಒಂದು ಸೂಕ್ಷ್ಮ ಇದೆ. 'ನೆಟ್‌ವರ್ಕ್ ಈಸ್ ಅನ್‌ರೀಚಬಲ್' ಅಂತ ತಕ್ಷಣ ಬಂದರೆ ಸಾಮಾನ್ಯವಾಗಿ ನಮ್ಮದೇ ಯಂತ್ರದ ಪಟ್ಟಿಯಲ್ಲಿ ಆ ದಾರಿ ಇಲ್ಲ ಅಂತ ಅರ್ಥ. ಏನೂ ಹೇಳದೆ ಸುಮ್ಮನೆ ಕೂತರೆ ಪ್ಯಾಕೆಟ್ ಹೊರಟಿದೆ, ಎಲ್ಲೋ ಕಳೆದುಹೋಗಿದೆ ಅಂತ. ಬೈಗುಳಕ್ಕಿಂತ ಮೌನವೇ ಕಷ್ಟ, ಮನೆಯಲ್ಲೂ ಹಾಗೇ ತಾನೆ. ರೂಟರ್ ಯಂತ್ರದಲ್ಲಿ 'ಟಿಸಿಪಿಡಂಪ್ -ಎನ್‌ಐ ಇಎನ್‌ಪಿ2ಎಸ್0 ಐಸಿಎಂಪಿ' ಅಂತ ಹಾಕಿ ಕೂತೆ. ಕಿಂಡಿಯಲ್ಲಿ ಹೋಗುವ ಬರುವ ಪಿಂಗನ್ನೆಲ್ಲ ಅದು ಸಾಲು ಸಾಲಾಗಿ ತೋರಿಸುತ್ತದೆ. ನೋಡಿದರೆ, 192.168.50.11ರಿಂದ 192.168.1.1ಕ್ಕೆ ಪ್ರಶ್ನೆ ಹೋಗುತ್ತಿದೆ. ಸೆಕೆಂಡಿಗೊಂದು. ಹೋಗುತ್ತಲೇ ಇದೆ. ಉತ್ತರದ ಸಾಲು ಒಂದೂ ಇಲ್ಲ.

ತಲೆ ಕೆರೆದುಕೊಂಡು ಕೂತಾಗ ಹೊಳೆಯಿತು. ಡಬ್ಬಿಗೆ ಪ್ರಶ್ನೆ ತಲುಪಿದೆ. ಅದು ಉತ್ತರ ಬರೆಯುತ್ತದೆ, ವಿಳಾಸ 192.168.50.11. ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಅದಕ್ಕೆ ಗೊತ್ತಿರುವುದು 192.168.1 ಬೀದಿ ಮತ್ತು ಹೊರಜಗತ್ತು. 50 ಅನ್ನುವ ಬೀದಿಯನ್ನು ನಾನು ಹುಟ್ಟಿಸಿದ್ದು ಅದಕ್ಕೆ ಯಾರು ಹೇಳಿದರು? ಹಾಗಾಗಿ 'ಮಿಕ್ಕವರೆಲ್ಲ ಆ ಕಡೆ' ಅನ್ನುವ ಸಾಲು ಹಿಡಿದು ಉತ್ತರವನ್ನು ಫೈಬರಿನ ಮೇಲೆ ಕಂಪನಿಯ ಕಡೆಗೆ ಕಳಿಸುತ್ತದೆ. ಅಲ್ಲಿ ಅದಕ್ಕೆ ದಿಕ್ಕಿಲ್ಲ. ಹೋಗುವ ದಾರಿಯನ್ನು ನಾನು ಹಾಕಿದ್ದೆ, ಬರುವ ದಾರಿ ಹಾಕಿರಲಿಲ್ಲ. ಮದುವೆಗೆ ಬಸ್ ಮಾಡಿ ಜನರನ್ನು ಕರೆದುಕೊಂಡು ಹೋಗಿ, ವಾಪಸ್ ಬರಲು ಬಸ್ಸಿಗೆ ಹೇಳುವುದನ್ನು ಮರೆತ ಹಾಗೆ.

ಇದಕ್ಕೆ ಎರಡು ಮದ್ದು. ಸರಿಯಾದದ್ದು, ಡಬ್ಬಿಗೇ ಹೇಳುವುದು: 192.168.50.0/24 ಬೇಕಾದರೆ 192.168.1.34ರವರನ್ನು ಕೇಳು ಅಂತ. 34 ನಮ್ಮ ರೂಟರ್ ಯಂತ್ರದ ಆಫೀಸು ಕಡೆಯ ವಿಳಾಸ. ಇದಕ್ಕೆ ಸ್ಟ್ಯಾಟಿಕ್ ರೂಟ್ ಅನ್ನುತ್ತಾರೆ. ಆದರೆ ಡಬ್ಬಿಯ ಪಾಸ್‌ವರ್ಡ್ ಕಂಪನಿಯವರ ಹತ್ತಿರ. ಫೋನ್ ಮಾಡಿದರೆ ಆ ಕಡೆಯ ಹುಡುಗಿಗೆ ಸ್ಟ್ಯಾಟಿಕ್ ರೂಟ್ ಅಂದರೆ ಏನು ಅಂತ ನಾನೇ ವಿವರಿಸಬೇಕಾಯಿತು, ಪಾಪ ಅವಳ ತಪ್ಪಲ್ಲ. ಕೊನೆಗೆ ಎರಡನೇ ಮದ್ದು ಹಾಕಿದೆ. ಅದರ ಹೆಸರು ಮಾಸ್ಕರೇಡ್, ಅಂದರೆ ವೇಷ. ಲ್ಯಾಬಿನ ಹನ್ನೊಂದು ಯಂತ್ರದ ಪ್ಯಾಕೆಟ್ಟುಗಳೂ ಆಚೆ ಹೋಗುವಾಗ ರೂಟರ್ ಯಂತ್ರದ ವೇಷ ಹಾಕಿಕೊಂಡು ಹೋಗುತ್ತವೆ. ಡಬ್ಬಿಗೆ ಕಾಣುವುದು 34 ಒಂದೇ, ಅದರ ದಾರಿ ಡಬ್ಬಿಗೆ ಗೊತ್ತು. ಉತ್ತರ ಬಂದ ಮೇಲೆ ಯಾರ ವೇಷ ಯಾರದು ಅಂತ ನಮ್ಮ ಯಂತ್ರ ನೆನಪಿಟ್ಟುಕೊಂಡು ಕಳಚಿ ಅವರವರಿಗೆ ಕೊಡುತ್ತದೆ. ಆಜ್ಞೆ ಇದು: 'ಐಪಿಟೇಬಲ್ಸ್ -ಟಿ ನ್ಯಾಟ್ -ಎ ಪೋಸ್ಟ್‌ರೂಟಿಂಗ್ -ಓ ಇಎನ್‌ಪಿ2ಎಸ್0 -ಜೆ ಮಾಸ್ಕರೇಡ್'. ಇದರಲ್ಲಿ -ಎ, ಪೋಸ್ಟ್‌ರೂಟಿಂಗ್, ಮಾಸ್ಕರೇಡ್ ಮೂರನ್ನೂ ದೊಡ್ಡ ಅಕ್ಷರದಲ್ಲಿ ಹೊಡೆಯಬೇಕು. ಈಗಿನವರು ಎನ್‌ಎಫ್‌ಟೇಬಲ್ಸ್ ಬಳಸುತ್ತಾರೆ, ಅದು 2014ರಿಂದ ಲಿನಕ್ಸಿನಲ್ಲಿದೆ. ನನಗೆ ಹಳೆಯದೇ ಕೈಗೆ ಹತ್ತಿದೆ.

ವೇಷ ಹಾಕುವುದು ಕಳ್ಳದಾರಿ ಅಂತ ಮೂಗು ಮುರಿಯುವ ಪಂಡಿತರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಇವತ್ತು ಮನೆ ಮನೆಯ ನೆಟ್ ನಡೆಯುತ್ತಿರುವುದೇ ಅದರ ಮೇಲೆ. ಈಗಲೂ ನಡೆಯುವ ಹಳೇ ಐಪಿ ನಿಯಮ 1981ರದ್ದು. 32 ಬಿಟ್ಟಿನಲ್ಲಿ ಆಗುವುದು ಸುಮಾರು 429 ಕೋಟಿ ವಿಳಾಸ, ಆಗ ಅದು ಧಾರಾಳ ಅನ್ನಿಸಿತ್ತು. 2011ರ ಏಪ್ರಿಲ್ ಹೊತ್ತಿಗೆ ನಮ್ಮ ಏಷ್ಯಾ ಭಾಗದ ದಾಸ್ತಾನು ತಳ ಕಂಡಿತು, ಅಲ್ಲಿಂದ ಚೂರು ಚೂರೇ ಹಂಚುವುದು. 192.168 ಅಂತ ಶುರುವಾಗುವ ವಿಳಾಸಗಳನ್ನು 1990ರ ದಶಕದಲ್ಲೇ ಮನೆಯೊಳಗಿನ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಅದೇ, ನಮ್ಮ ಶಾಲೆಯಲ್ಲೂ ಅದೇ, ಹೊರಗಿನ ಇಂಟರ್ನೆಟ್ಟಿಗೆ ಅದರ ಪರಿಚಯ ಇಲ್ಲ. ಆದ್ದರಿಂದ ವೇಷ ಹಾಕದೆ ಹೊರಗೆ ಹೋಗುವಂತಿಲ್ಲ. ನಮ್ಮ ಪ್ಯಾಕೆಟ್ ಶಾಲೆಯಲ್ಲಿ ಒಂದು ವೇಷ ಹಾಕಿ, ಡಬ್ಬಿಯಲ್ಲಿ ಇನ್ನೊಂದು ಹಾಕಿ ಹೋಗುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡುವ ನಮಗೆ ಇದೇನು ಹೊಸದಲ್ಲ.

ಅಲ್ಲಿಗೆ ನೆಟ್ ಬಂತು. ಬಂತು ಅಂದರೆ, ಗೂಗಲ್‌ನವರ 8.8.8.8ಕ್ಕೆ ಪಿಂಗ್ ಹೋಯಿತು, ಆದರೆ ಹೆಸರು ಬರೆದರೆ ಪುಟ ತೆರೆಯಲಿಲ್ಲ. ಅದು ದಾರಿಯ ತಕರಾರಲ್ಲ, ಡಿಎನ್‌ಎಸ್, ಅಂದರೆ ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯ ತಕರಾರು. ಡಿಎನ್‌ಎಸ್‌ಮಾಸ್ಕ್ ಅನ್ನುವ ಸಣ್ಣ ತಂತ್ರಾಂಶ ಹಾಕಿದೆ. ಲ್ಯಾಬಿನ ಯಂತ್ರಗಳಿಗೆ ವಿಳಾಸ ಹಂಚುವುದೂ ಹೆಸರು ಹುಡುಕಿಕೊಡುವುದೂ ಅದೇ ನೋಡಿಕೊಳ್ಳುತ್ತದೆ. ಆಮೇಲೆ ಆಫೀಸಿನ ಪ್ರಿಂಟರು ಮತ್ತು ಕಂಪ್ಯೂಟರಿನ ವಿಳಾಸಕ್ಕೆ ಲ್ಯಾಬಿನಿಂದ ಏನೂ ದಾಟದಂತೆ ಎರಡು ಸಾಲಿನ ತಡೆ ಹಾಕಿದೆ. ಹೆಡ್‌ಮಾಸ್ತರ ಎದುರೇ ಲ್ಯಾಬಿನಿಂದ ಪ್ರಿಂಟ್ ಕೊಟ್ಟು, ಪ್ರಿಂಟರ್ ಅಲ್ಲಾಡದೆ ಇದ್ದದ್ದನ್ನು ತೋರಿಸಿದ ಮೇಲೆಯೇ ಅವರ ಮುಖ ಸಡಿಲವಾದದ್ದು.

ನಾಲ್ಕನೇ ಶನಿವಾರ ಯಾಕೆ ಬೇಕಾಯಿತು ಅಂದರೆ, ಭಾನುವಾರ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಸೋಮವಾರ ಬೆಳಿಗ್ಗೆ ಮೇಷ್ಟ್ರು ಫೋನ್: 'ಎಲ್ಲ ಮೊದಲಿನ ಹಾಗೇ ಆಗಿದೆ ಮಾರಾಯ, ಏನೂ ಇಲ್ಲ.' ನಾನು ಟರ್ಮಿನಲ್ಲಿನಲ್ಲಿ ಹೊಡೆದ ಆಜ್ಞೆಗಳೆಲ್ಲ ಯಂತ್ರ ಎಚ್ಚರ ಇರುವವರೆಗೆ ಮಾತ್ರ. ಆರಿ ಹತ್ತಿದರೆ ಮರೆತುಬಿಡುತ್ತದೆ. ವರ್ಷಪೂರ್ತಿ ಕರೆಂಟ್ ಇರುವ ಊರಿನವರು ಬರೆದ ಕೈಪಿಡಿಗಳಲ್ಲಿ ಈ ಮಾತು ಕೊನೆಯ ಪುಟದಲ್ಲಿರುತ್ತದೆ, ನಮ್ಮ ಕಡೆ ಮೊದಲ ಪುಟದಲ್ಲಿರಬೇಕು. ಫಾರ್ವರ್ಡ್ ಸಾಲನ್ನು ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ ಫೋಲ್ಡರಿನಲ್ಲಿ ಒಂದು ಕಡತ ಮಾಡಿ ಹಾಕಿದೆ. ಎರಡೂ ಕಾರ್ಡುಗಳ ವಿಳಾಸವನ್ನು ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಖಾಯಂ ಮಾಡಿದೆ. ಡೆಬಿಯನ್ ಅನ್ನುವ ಬಗೆಯ ಲಿನಕ್ಸಿನಲ್ಲಿ ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಅಂತ ಒಂದು ಪ್ಯಾಕೇಜ್ ಇದೆ, ವೇಷದ ಸಾಲನ್ನೂ ತಡೆಯ ಸಾಲುಗಳನ್ನೂ ಅದು ಉಳಿಸುತ್ತದೆ. ಆಮೇಲೆ ನಾನೇ ಮೂರು ಸಲ ಪ್ಲಗ್ ಕಿತ್ತು ಹಾಕಿ ಪರೀಕ್ಷೆ ಮಾಡಿದೆ. ಸಿಡಿಲಿನ ದಿನ ಕೇಬಲ್ ಕಿತ್ತಿಡಿ ಅಂತ ಗೋಡೆ ಮೇಲೆ ಬರೆದೂ ಇಟ್ಟಿದ್ದೇನೆ. ಮರೆತು ಕಾರ್ಡು ಸುಟ್ಟರೆ ಹೋಗುವುದು 350 ರೂಪಾಯಿ, 22,000 ಅಲ್ಲ.

ನಿಮ್ಮ ಅಂಕಣಕಾರರು ಹೇಳಿದ್ದರಲ್ಲಿ ಒಂದು ಮಾತು ಒಪ್ಪುತ್ತೇನೆ. ಮನೆಗೆ ಆದರೆ ಡಬ್ಬಿಯೇ ಒಳ್ಳೆಯದು. ಹಳೇ ಡೆಸ್ಕ್‌ಟಾಪ್ ಕರೆಂಟ್ ಜಾಸ್ತಿ ತಿನ್ನುತ್ತದೆ, ಸದ್ದು ಬೇರೆ. ಆದರೆ ಶಾಲೆಗೆ ಬೇಕಾದದ್ದು ಬರೀ ನೆಟ್ ಅಲ್ಲವಲ್ಲ. ಡಬ್ಬಿ ತಂದಿಟ್ಟರೆ ಮಕ್ಕಳಿಗೆ ಕಾಣುವುದು ಮಿಣಮಿಣ ದೀಪ. 'ರೂಟರ್ ಎಂದರೇನು?' ಅಂತ ಎರಡು ಅಂಕದ ಪ್ರಶ್ನೆ ಕೇಳಿ ಉತ್ತರ ಬಾಯಿಪಾಠ ಮಾಡಿಸುತ್ತೇವೆ, ನಿಜವಾದ ರೂಟರ್ ಹತ್ತು ಅಡಿ ದೂರದಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ವರ್ಷಗಳಿಂದ ಲಿನಕ್ಸೇ ಓಡುತ್ತಿದೆ, ಯಾರ ಕೈಯೂ ಸುಟ್ಟಿಲ್ಲ.

ಇದು ಬರೀ ಲ್ಯಾಬಿನ ವಿಷಯವೂ ಅಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟಿದ ಮೇಲೆ ವಾಟ್ಸಾಪ್ ನಿಂತುಹೋದದ್ದು ನೆನಪಿರಬಹುದು. ಅವತ್ತು ನನ್ನ ಅಂಗಡಿಯ ಗಿರಾಕಿಗಳು ನನಗೇ ಫೋನ್ ಮಾಡಿ ಬೈದರು, ಸರ್ವರ್ ನನ್ನ ಮೇಜಿನ ಕೆಳಗಿದೆಯೋ ಅನ್ನುವ ಹಾಗೆ. ಫೇಸ್‌ಬುಕ್ ಕಂಪನಿಯ ಒಳಗೆ ದುರಸ್ತಿ ಮಾಡುವಾಗ ಕೊಟ್ಟ ಒಂದು ಆಜ್ಞೆ ಅವರ ಜಾಲದ ಬೆನ್ನೆಲುಬನ್ನೇ ಕಡಿದುಹಾಕಿತು. ಅದರ ಹಿಂದೆಯೇ 'ನಮ್ಮನ್ನು ಮುಟ್ಟಲು ಈ ದಾರಿ' ಅಂತ ಅವರು ಪ್ರಪಂಚಕ್ಕೆ ಹೇಳುತ್ತಿದ್ದ ಸಾಲುಗಳೂ ಹಿಂದಕ್ಕೆ ಹೋದವು. ಯಂತ್ರಗಳೆಲ್ಲ ಇದ್ದಲ್ಲೇ ಇದ್ದವು, ದಾರಿ ಇರಲಿಲ್ಲ. ಸುಮಾರು ಆರು ಗಂಟೆ. ಅದಕ್ಕೂ ಮುಂಚೆ, 2008ರ ಫೆಬ್ರವರಿ 24ರಂದು, ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಯಲು ಹೋಗಿ ಪಾಕಿಸ್ತಾನ್ ಟೆಲಿಕಾಂನವರು ಹಾಕಿದ ಸಾಲು ಗಡಿ ದಾಟಿ ಹೊರಗೆ ಬಂತು. ಯೂಟ್ಯೂಬ್ ತನ್ನ ವಿಳಾಸಗಳನ್ನು /22 ಅಂತ ಹೇಳಿಕೊಂಡಿತ್ತು, ಇವರು ಅದರೊಳಗಿನ ಒಂದು /24 ನಮ್ಮದು ಅಂದರು. ರೂಟಿಂಗಿನಲ್ಲಿ ಯಾವಾಗಲೂ ಹೆಚ್ಚು ನಿಖರವಾದ ಸಾಲಿಗೇ ಮರ್ಯಾದೆ. 'ತೀರ್ಥಹಳ್ಳಿ ಕಡೆ' ಅನ್ನುವವನಿಗಿಂತ 'ತೀರ್ಥಹಳ್ಳಿಯ ಇಂಥ ಕೇರಿ' ಅನ್ನುವವನನ್ನು ನಂಬುತ್ತೇವಲ್ಲ, ಹಾಗೆ. ಸುಮಾರು ಎರಡು ಗಂಟೆ ಪ್ರಪಂಚದ ಬಹಳ ಕಡೆ ಯೂಟ್ಯೂಬ್ ಕಾಣಲಿಲ್ಲ. ಲ್ಯಾಬಿನ ಹಳೇ ಯಂತ್ರ ತನ್ನ ಮೂರು ಸಾಲಿನಲ್ಲಿ ಒಂದನ್ನು ಆರಿಸುವುದೂ ಇದೇ ನಿಯಮದಿಂದ. ಡಿಫಾಲ್ಟ್ ಅನ್ನುವುದು /0, ಅದಕ್ಕಿಂತ ನಿಖರವಾದ ಸಾಲು ಸಿಗದಿದ್ದರೆ ಮಾತ್ರ ಅದರ ಸರದಿ. ಇಂಥದ್ದನ್ನು ನಿಮ್ಮ ತಂತ್ರಜ್ಞಾನ ಪುಟ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಚೆನ್ನ. ಹೊಸ ಮೊಬೈಲಿನ ಬೆಲೆ ಹೇಳಲು ಬೇರೆ ಬೇಕಾದಷ್ಟು ಜನರಿದ್ದಾರೆ.

ಪತ್ರ ಉದ್ದವಾಯಿತು, ಗೊತ್ತು. ಕತ್ತರಿ ಹಾಕುವುದಾದರೆ ನನ್ನ ಗೋಳಿಗೆ ಹಾಕಿ, ಆಜ್ಞೆಗಳಿಗೆ ಬೇಡ. ಅದರಲ್ಲಿ ಒಂದು ಚುಕ್ಕೆ ಹೋದರೂ ಯಾರೋ ಒಬ್ಬರ ಶನಿವಾರ ಹೋಗುತ್ತದೆ.

ಒಂದು ಮಾತು ಬಿಟ್ಟಿದ್ದೆ. ನಾಲ್ಕನೇ ಶನಿವಾರ ಎಲ್ಲ ಸರಿಯಾದ ಮೇಲೆ ಮಕ್ಕಳಿಗೆ ಪಿಂಗ್ ಹೊಡೆಯಲು ಬಿಟ್ಟಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ಬಂದಳು. 'ಸರ್, ಪಕ್ಕದ ಕಂಪ್ಯೂಟರಿಗೆ ಹೊಡೆದ್ರೆ ಟಿಟಿಎಲ್ 64 ಅಂತ ಬರ್ತದೆ, ಆಫೀಸಿನ ಡಬ್ಬಿಗೆ ಹೊಡೆದ್ರೆ 63. ಒಂದು ಯಾಕೆ ಕಮ್ಮಿ?' ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಟಿಟಿಎಲ್ ಅಂದರೆ ಪ್ಯಾಕೆಟ್ಟಿನ ಆಯಸ್ಸಿನ ಲೆಕ್ಕ, ಪ್ಯಾಕೆಟ್ ಒಂದೊಂದು ರೂಟರ್ ದಾಟಿದಾಗಲೂ ಅದರಲ್ಲಿ ಒಂದೊಂದು ಕಳೆಯುತ್ತಾರೆ, ದಾರಿ ತಪ್ಪಿ ಸುತ್ತುತ್ತಾ ಇದ್ದರೆ ಎಂದಾದರೂ ಸೊನ್ನೆಯಾಗಿ ನಿಲ್ಲಲಿ ಅಂತ. ಹಾಗಾದರೆ ನಡುವೆ ಆ ಒಂದನ್ನು ತೆಗೆದುಕೊಂಡವರು ಯಾರು ಅಂತ ನಾನು ತಿರುಗಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಹಳೇ ಡೆಸ್ಕ್‌ಟಾಪ್ ಕಡೆ ಕೈ ತೋರಿಸಿದಳು.

ಇಂತಿ,
ನಿಮ್ಮ ಓದುಗ,
ತೀರ್ಥಹಳ್ಳಿ ತಾಲ್ಲೂಕು